ಊರಿಗೆ ಹೊರಡುವ ಮುನ್ನ ಮುಖ್ಯ ವಾಲ್ವ್ ಮುಚ್ಚಿ

ದುಬೈ, ಶಾರ್ಜಾ, ಅಜ್ಮಾನ್‌ಗಳಲ್ಲಿ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ. ಮಂಗಳೂರಿಗೂ ಬೆಂಗಳೂರಿಗೂ ಹೋಗುವ ವಿಮಾನಗಳು ತುಂಬಿ ತುಳುಕುವ ಆ ದಿನಗಳಲ್ಲಿ, ಮನೆಗಳ ನಿರ್ವಹಣೆಯ ಕೆಲಸ ಮಾಡುವ ನಮಗೆ ಪುರುಸೊತ್ತೇ ಇರುವುದಿಲ್ಲ. ತುರ್ತು ಕರೆ ಮಾಡುವವರು ಬಹಳ ಸಲ ಆ ಮನೆಯವರಾಗಿರುವುದಿಲ್ಲ. ಕೆಳಗಿನ ಮಹಡಿಯವರು, ಇಲ್ಲವೇ ಕಟ್ಟಡದ ವಾಚ್‌ಮ್ಯಾನ್. "ಮೇಲಿನ ಫ್ಲ್ಯಾಟಿನಿಂದ ನೀರು ಸುರಿಯುತ್ತಿದೆ, ಬಾಗಿಲಿಗೆ ಬೀಗ ಹಾಕಿದೆ, ಮನೆಯವರು ಊರಿಗೆ ಹೋಗಿದ್ದಾರೆ." ಬೀಗದ ಕೈ ಇಟ್ಟುಕೊಂಡ ಸ್ನೇಹಿತರು ಅಬುಧಾಬಿಯಿಂದ ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ಉಬ್ಬಿರುತ್ತದೆ, ಕಪಾಟಿನ ಕೆಳಗಿನ ಖಾನೆ ನೆನೆದಿರುತ್ತದೆ, ಕೆಳಮನೆಯ ಜಿಪ್ಸಂ ಸೀಲಿಂಗ್ ತುಂಡಾಗಿ ಬಿದ್ದಿರುತ್ತದೆ.

ಈ ಹಾನಿಯ ಬಹುಪಾಲನ್ನು ಒಂದು ವಾಲ್ವ್ ತಡೆಯಬಲ್ಲದು. ಫ್ಲ್ಯಾಟುಗಳಲ್ಲಿ ಅದು ಸಾಮಾನ್ಯವಾಗಿ ಹೊರಗಿನ ಕಾರಿಡಾರಿನ ಗೋಡೆಯಲ್ಲಿರುವ ಸಣ್ಣ ಬಾಗಿಲಿನ ಹಿಂದೆ, ನೀರಿನ ಮೀಟರ್ ಪಕ್ಕದಲ್ಲಿರುತ್ತದೆ. ಒಂದೇ ಸಾಲಿನಲ್ಲಿ ನಾಲ್ಕೈದು ಮನೆಗಳ ಮೀಟರುಗಳಿರುವುದರಿಂದ ನಿಮ್ಮದು ಯಾವುದೆಂದು ಈಗಲೇ ಖಚಿತ ಮಾಡಿಕೊಳ್ಳಿ: ಅಡುಗೆಮನೆಯ ನಲ್ಲಿ ಬಿಟ್ಟು ವಾಲ್ವ್ ಮುಚ್ಚಿ, ನೀರು ನಿಂತರೆ ಅದೇ. ವಿಲ್ಲಾಗಳಲ್ಲಿ ಕಾಂಪೌಂಡ್ ಬಳಿಯ ವಾಲ್ವ್ ಮುಚ್ಚಿದರೆ ಸಾಲದು. ತಾರಸಿಯ ಟ್ಯಾಂಕಿನಿಂದ ಮನೆಯೊಳಗೆ ಇಳಿಯುವ ಪೈಪಿನ ವಾಲ್ವನ್ನೂ ಮುಚ್ಚಬೇಕು. ಇಲ್ಲದಿದ್ದರೆ ಟ್ಯಾಂಕಿನಲ್ಲಿರುವಷ್ಟು ನೀರೂ ಮನೆಯೊಳಗೆ ಹರಿಯುತ್ತದೆ. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯುತ್ತಿದ್ದರೆ ಬೇಕಾದಾಗ ಕೈಗೆ ಬಗ್ಗುತ್ತದೆ. ಬಿಗಿದಿರುವುದನ್ನು ರಿಂಚ್ ಹಾಕಿ ಬಲವಂತದಿಂದ ತಿರುಗಿಸಬೇಡಿ, ಸ್ಪಿಂಡಲ್ ಮುರಿದರೆ ಮತ್ತೊಂದು ತುರ್ತು ಶುರುವಾಗುತ್ತದೆ.

ಚಳಿ ದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಪೈಪ್ ಒಡೆಯುತ್ತದೆ. ಇಲ್ಲಿ ಆ ಕೆಲಸವನ್ನು ಬಿಸಿಲು ನಿಧಾನವಾಗಿ ಮಾಡುತ್ತದೆ. ತಾರಸಿಯಲ್ಲಿ ಬಿಸಿಲಿಗೆ ಬಿದ್ದಿರುವ ಪಿಪಿಆರ್ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪ್ 10 ಮೀಟರ್ ಉದ್ದವಿದ್ದು, ಅದರ ಶಾಖ 30 ಡಿಗ್ರಿ ಏರಿದರೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ದಿನವೂ ಹೀಗೆ ಎಳೆದಾಡುವ ಪೈಪಿನ ಭಾರವನ್ನು ಹೊರುವುದು ಪೈಪ್ ತಿರುಗುವ, ಕವಲೊಡೆಯುವ ಕಡೆಯ ಎಲ್ಬೋ ಮತ್ತು ಟೀ ಜೋಡಣೆಗಳು. 60 ಡಿಗ್ರಿ ಶಾಖದಲ್ಲಿ ಅದೇ ಪೈಪ್ ದೀರ್ಘಕಾಲ ತಡೆಯಬಲ್ಲ ಒತ್ತಡ, 20 ಡಿಗ್ರಿಯಲ್ಲಿ ತಡೆಯುವುದರ ಸುಮಾರು ಅರ್ಧದಷ್ಟು ಮಾತ್ರ. ಸುತ್ತಿದ ಕಪ್ಪು ಇನ್ಸುಲೇಷನ್ ಬಿಸಿಲಿಗೆ ಪುಡಿಪುಡಿಯಾಗಿ ಉದುರುತ್ತಿದ್ದರೆ ಹೊಸದನ್ನು ಹಾಕಿಸಲು ಮಾಲೀಕರನ್ನು ಒತ್ತಾಯಿಸಿ. ಅದರ ಖರ್ಚು ಒಂದು ಪೈಪ್ ಒಡೆದಾಗ ಆಗುವ ನಷ್ಟದ ಮುಂದೆ ಏನೇನೂ ಅಲ್ಲ.

ಆದರೆ ಫ್ಲ್ಯಾಟುಗಳಲ್ಲಿ ಮನೆ ಮುಳುಗಿಸುವುದು ಹೆಚ್ಚಾಗಿ ದೊಡ್ಡ ಪೈಪಲ್ಲ, ಕಮೋಡಿನ ಪಕ್ಕದ ಕೈ ಶವರ್ ಅಂದರೆ ಶತ್ತಾಫ್‌ನ ಸಣ್ಣ ಹೋಸ್ ಮತ್ತು ಬೇಸಿನ್ ಕೆಳಗಿನ ಕನೆಕ್ಷನ್ ಪೈಪ್. ಹೊರಗೆ ಸ್ಟೀಲ್ ತಂತಿಯ ಹೆಣಿಗೆ ಕಂಡರೂ ಒಳಗಿರುವುದು ತೆಳ್ಳಗಿನ ರಬ್ಬರ್ ಅಥವಾ ಪ್ಲಾಸ್ಟಿಕ್ ನಳಿಕೆ. ಬಿಸಿಯಾದ, ಕ್ಲೋರಿನ್ ಬೆರೆತ ನೀರು ಅದನ್ನು ಒಳಗಿನಿಂದ ಗಡುಸು ಮಾಡುತ್ತದೆ. ಟಾರ್ಚ್ ಹಿಡಿದು ನೋಡಿ: ನಟ್ಟಿನ ಹತ್ತಿರ, ಹೆಣಿಗೆ ಲೋಹದ ಬಳೆಯೊಳಗೆ ಸೇರುವ ಕಡೆ ಒಂದೆರಡು ತಂತಿ ತುಂಡಾಗಿ ಮುಳ್ಳಿನಂತೆ ಹೊರಬಂದಿದ್ದರೆ, ಕಂದು ತುಕ್ಕು ಅಥವಾ ಬಿಳಿ ಪುಡಿ ಕಟ್ಟಿದ್ದರೆ, ಮಧ್ಯದಲ್ಲಿ ಉಬ್ಬಿದ್ದರೆ ಆ ಹೋಸ್ ಇಂದೇ ಬದಲಾಗಬೇಕು. ನೋಡಲು ಚೆನ್ನಾಗಿದ್ದರೂ ಐದು ವರ್ಷಕ್ಕೊಮ್ಮೆ ಬದಲಿಸಿ. ಶತ್ತಾಫನ್ನು ಬಳಸಿದ ಮೇಲೆ ಗೋಡೆಯ ಆ್ಯಂಗಲ್ ವಾಲ್ವ್ ಮುಚ್ಚುವ ರೂಢಿ ಬಹಳ ಮನೆಗಳಲ್ಲಿಲ್ಲ. ಹಿಡಿಯ ಗುಂಡಿ ಬಿಟ್ಟರೆ ನೀರು ನಿಲ್ಲುತ್ತದೆ ನಿಜ, ಆದರೆ ಪಂಪಿನ ಒತ್ತಡವೆಲ್ಲ ಇಡೀ ದಿನ ಆ ಹೋಸಿನೊಳಗೇ ಇರುತ್ತದೆ. ಮನೆಯಲ್ಲಿ ಜನವಿದ್ದಾಗ ಒಡೆದರೆ ಹತ್ತು ನಿಮಿಷದ ಒದ್ದಾಟ. ಜನರಿಲ್ಲದಾಗ ಒಡೆದರೆ ಯಾರಾದರೂ ಬಂದು ಬಾಗಿಲು ತೆರೆಯುವವರೆಗೂ ಹರಿಯುತ್ತದೆ.

ದುಬೈಯ ನಲ್ಲಿಗಳಲ್ಲಿ ಬರುವುದು ಹೆಚ್ಚಾಗಿ ಜೆಬೆಲ್ ಅಲಿಯಲ್ಲಿ ಸಮುದ್ರದ ನೀರಿನ ಉಪ್ಪು ತೆಗೆದು ತಯಾರಿಸಿದ ನೀರು. ಮೀಟರ್ ದಾಟಿ ಬಂದ ನೀರು ಸೋರಿದರೂ ಹಣ ಕಟ್ಟಬೇಕಾದವರು ನೀವೇ. ಬಳಕೆ ಏಕಾಏಕಿ ಏರಿದರೆ ದುಬೈ ವಿದ್ಯುತ್ ಮತ್ತು ಜಲ ಪ್ರಾಧಿಕಾರವು ಗ್ರಾಹಕರಿಗೆ ಎಚ್ಚರಿಕೆ ಸಂದೇಶ ಕಳುಹಿಸುತ್ತದೆ. ಆದ್ದರಿಂದ ಖಾತೆಯಲ್ಲಿರುವ ಮೊಬೈಲ್ ಸಂಖ್ಯೆ ಊರಿನಲ್ಲೂ ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಿ. ಮನೆಯಲ್ಲಿರುವಾಗ ಸೋರಿಕೆಯ ಅನುಮಾನ ಬಂದರೆ ಮಲಗುವ ಮುನ್ನ ಮೀಟರಿನ ಫೋಟೊ ತೆಗೆದು, ಬೆಳಿಗ್ಗೆ ನೀರು ಬಳಸುವ ಮೊದಲು ಇನ್ನೊಂದು ತೆಗೆಯಿರಿ. ಅಂಕಿ ಬದಲಾಗಿದ್ದರೆ ಮೊದಲು ಫ್ಲಶ್ ಟ್ಯಾಂಕನ್ನು ಪರೀಕ್ಷಿಸಿ. ಅದಕ್ಕೆ ಸ್ವಲ್ಪ ಅಡುಗೆಯ ಬಣ್ಣ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನೊಳಗೆ ಬಣ್ಣ ಇಳಿದಿದ್ದರೆ ಒಳಗಿನ ವಾಷರ್ ಹೋಗಿದೆ ಎಂದೇ ಅರ್ಥ.

ಗೀಸರಿನ ವಿಷಯಕ್ಕೆ ಬರೋಣ. ಕೊಲ್ಲಿಯಲ್ಲಿ ಬೇಸಿಗೆ ಕಳೆದವರಿಗೆಲ್ಲ ಗೊತ್ತಿರುವಂತೆ, ಜೂನ್ ಬಂತೆಂದರೆ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ. ತಾರಸಿಯ ಟ್ಯಾಂಕ್ ಕಾದಿರುತ್ತದೆ. ಜನ ಗೀಸರ್ ಆರಿಸಿ, ಎ.ಸಿ.ಯ ತಂಪಿನಲ್ಲಿ ಗೀಸರಿನೊಳಗೇ ನಿಂತು ಆರಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ತೆಗೆದು ಸ್ನಾನ ಮಾಡುತ್ತಾರೆ. ಜಾಣತನದ ಉಪಾಯವೇ, ನಾನೂ ಮಾಡುತ್ತೇನೆ. ಆದರೆ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯ ಬೆಳೆಯುತ್ತದೆ. ಶವರ್‌ನ ಸಣ್ಣ ಹನಿಗಳ ಜೊತೆ ಅದು ಉಸಿರಿನೊಳಗೆ ಹೋದರೆ ನ್ಯುಮೋನಿಯ ಬರಬಹುದು. ವಯಸ್ಸಾದ ಅಪ್ಪ ಅಮ್ಮ ವೀಸಾದಲ್ಲಿ ಬಂದು ಮನೆಯಲ್ಲಿದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ವಾರಕ್ಕೊಮ್ಮೆ ಗೀಸರನ್ನು 60 ಡಿಗ್ರಿಗಿಂತ ಮೇಲಕ್ಕೆ ಕಾಯಿಸಿ ಕೆಲವು ಗಂಟೆ ಬಿಡಿ, ಟ್ಯಾಂಕನ್ನು ಆರು ತಿಂಗಳಿಗೊಮ್ಮೆ ತೊಳೆಸಲಾಗಿದೆಯೇ ಎಂದು ಕಟ್ಟಡದವರನ್ನು ಕೇಳಿ. ಮಕ್ಕಳನ್ನು ಸ್ನಾನಕ್ಕೆ ನಿಲ್ಲಿಸುವಾಗ ಮೊದಲ ನೀರನ್ನು ಬಕೆಟ್ಟಿಗೆ ಬಿಟ್ಟು ಮೊಣಕೈ ಇಟ್ಟು ನೋಡಬೇಕು. ಬಿಸಿಲಿನಲ್ಲಿ ಬಿದ್ದ ತೋಟದ ಹೋಸಿನ ಮೊದಲ ನೀರು ಮಗುವಿನ ಚರ್ಮವನ್ನು ಸುಡಬಲ್ಲದು.

ಇಲ್ಲಿನ ಗೀಸರುಗಳು ಬಹಳ ಕಡೆ ಬಚ್ಚಲಿನ ಫಾಲ್ಸ್ ಸೀಲಿಂಗ್ ಮೇಲೆ ಕಣ್ಣಿಗೆ ಬೀಳದಂತೆ ಇರುತ್ತವೆ. ಸೀಲಿಂಗ್ ಮೇಲೆ ಕಂದು ಬಣ್ಣದ ಉಂಗುರ ಮೂಡಿದರೆ ಅದೇ ಮೊದಲ ಸುಳಿವು. 50 ಲೀಟರ್ ನೀರು 20ರಿಂದ 60 ಡಿಗ್ರಿಗೆ ಕಾದಾಗ ಸುಮಾರು ಮುಕ್ಕಾಲು ಲೀಟರಿನಷ್ಟು ಹಿಗ್ಗುತ್ತದೆ. ಆ ಒತ್ತಡವನ್ನು ಹೊರಬಿಡುವುದು ಸೇಫ್ಟಿ ವಾಲ್ವ್. ಅದು ತೊಟ್ಟಿಕ್ಕುತ್ತದೆ ಎಂದು ಬೂಚು ಹಾಕಿ ಮುಚ್ಚಿದ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಮಾಡಲು ಬಂದವರನ್ನೂ ತಡೆಯಿರಿ. ಥರ್ಮೋಸ್ಟಾಟ್ ಕೆಟ್ಟ ದಿನ ಆ ಗೀಸರ್ ಸಿಡಿಯಬಹುದು.

ಬಚ್ಚಲಿನ ನೆಲದ ನೀರು ಹೋಗುವ ಕಿಂಡಿಯ ಕೆಳಗಿನ ನಹನಿ ಟ್ರ್ಯಾಪಿನಲ್ಲಿ ಸುಮಾರು 5 ಸೆಂಟಿಮೀಟರ್ ನೀರು ನಿಂತು ಚರಂಡಿಯ ದುರ್ವಾಸನೆಯನ್ನೂ ಜಿರಳೆಗಳನ್ನೂ ತಡೆಯುತ್ತದೆ. ಎ.ಸಿ. ಆರಿಸಿ ಮುಚ್ಚಿದ ಮನೆಯಲ್ಲಿ ಆ ನೀರು ಕೆಲವು ವಾರಗಳಲ್ಲಿ ಆವಿಯಾಗಿ ಹೋಗುತ್ತದೆ. ಹೊರಡುವ ದಿನ ಎಲ್ಲ ಟ್ರ್ಯಾಪುಗಳಿಗೂ ಒಂದೊಂದು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಡಿ. ಎಣ್ಣೆ ಮೇಲೆ ತೇಲುತ್ತ ನೀರು ಆರದಂತೆ ಕಾಯುತ್ತದೆ.

ಸೀಲಿಂಗಿನಿಂದ ನೀರು ತೊಟ್ಟಿಕ್ಕಿದರೆ ಅದು ಪೈಪಿನದೇ ಎಂದು ಟೈಲ್ಸ್ ಒಡೆಸಲು ಹೊರಡಬೇಡಿ. ಆಗಸ್ಟ್‌ನ ಕಡಲ ತೇವದಲ್ಲಿ ಎ.ಸಿ.ಯಿಂದ ಇಳಿಯುವ ನೀರೇ ಬಕೆಟ್‌ಗಟ್ಟಲೆ ಇರುತ್ತದೆ. ಅದರ ಡ್ರೈನ್ ಪೈಪಿನಲ್ಲಿ ಪಾಚಿ, ಧೂಳು ಕಟ್ಟಿದರೆ ಟ್ರೇ ತುಂಬಿ ಸೀಲಿಂಗಿಗೆ ಸುರಿಯುತ್ತದೆ. ಎ.ಸಿ. ಆರಿಸಿ ಒಂದೆರಡು ಗಂಟೆ ಕಾದು ನೋಡಿ. ನಿಂತರೆ ಎ.ಸಿ.ಯದು. ನಿಲ್ಲದಿದ್ದರೆ ಮುಖ್ಯ ವಾಲ್ವ್ ಮುಚ್ಚಿ ನೋಡಿ. ಆಗ ನಿಂತರೆ ನಿಮ್ಮ ಪೈಪಿನದು, ಆಗಲೂ ನಿಲ್ಲದಿದ್ದರೆ ಮೇಲಿನ ಮನೆಯ ಬಾಗಿಲು ತಟ್ಟಿ.

ಕಣ್ಣೆದುರೇ ಪೈಪ್ ಒಡೆದರೆ ಬಟ್ಟೆ ಸುತ್ತಲು ಓಡದೆ ಮುಖ್ಯ ವಾಲ್ವ್ ಕಡೆಗೆ ಓಡಿ. ನಂತರ ಗೀಸರಿನ ಸ್ವಿಚ್ ಆರಿಸಿ. ನೀರು ಖಾಲಿಯಾದ ಗೀಸರ್ ಉರಿದರೆ ಕಾಯಿಲ್ ಸುಡುತ್ತದೆ. ನೆಲದ ನೀರು ಪ್ಲಗ್ ಪಾಯಿಂಟ್ ಅಥವಾ ಎಕ್ಸ್‌ಟೆನ್ಷನ್ ಬೋರ್ಡಿನ ಹತ್ತಿರ ಬಂದಿದ್ದರೆ ಒಣ ಜಾಗದಲ್ಲಿ ನಿಂತು ಡಿಬಿ ಬಾಕ್ಸಿನ (ಮನೆಯ ವಿದ್ಯುತ್ ಸ್ವಿಚ್ಚುಗಳ ಮುಖ್ಯ ಪೆಟ್ಟಿಗೆಯ) ಮೇನ್ ಇಳಿಸಿ. ಡಿಬಿಯೇ ನೀರಿನ ಮಧ್ಯೆ ಇದ್ದರೆ ಅದನ್ನು ಮುಟ್ಟದೆ ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು ವಾಚ್‌ಮ್ಯಾನ್‌ಗೆ ಹೇಳಿ. ವಿದ್ಯುತ್ತಿನ ಅಪಾಯವಿಲ್ಲದಿದ್ದರೆ ಎಲ್ಲ ನಲ್ಲಿಗಳನ್ನು ತೆರೆದು ಪೈಪಿನಲ್ಲಿ ಉಳಿದ ನೀರು ಇಳಿಯಲು ಬಿಡಿ. ಕೆಳಮನೆಯವರಿಗೆ ತಿಳಿಸಿ, ಒರೆಸುವ ಮೊದಲು ಫೋಟೊ ತೆಗೆಯಿರಿ. ದುಬೈಯ 2007ರ ಬಾಡಿಗೆ ಕಾನೂನಿನ ಪ್ರಕಾರ, ಒಪ್ಪಂದದಲ್ಲಿ ಬೇರೆ ಷರತ್ತಿಲ್ಲದಿದ್ದರೆ ಮನೆಯ ನಿರ್ವಹಣೆ ಮತ್ತು ದುರಸ್ತಿ ಮಾಲೀಕನ ಹೊಣೆ. ಸಣ್ಣಪುಟ್ಟ ದುರಸ್ತಿ ಬಾಡಿಗೆದಾರನದು ಎಂಬ ಸಾಲು ನಿಮ್ಮ ಒಪ್ಪಂದದಲ್ಲಿದೆಯೇ ಎಂದು ಸಹಿ ಹಾಕುವಾಗಲೇ ಓದಿಕೊಂಡಿರಿ.

ತಾರಸಿಯ ಕೆಲಸ ಮಧ್ಯಾಹ್ನ ಬಿದ್ದರೆ ತಾಳ್ಮೆ ಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3 ಗಂಟೆಯವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ಇಲ್ಲಿನ ಸರ್ಕಾರ ನಿಷೇಧಿಸಿದೆ. ನೀರಿನ ಪೂರೈಕೆ ಕಡಿದಂಥ ತುರ್ತಿಗೆ ವಿನಾಯಿತಿ ಇದೆ, ಟ್ಯಾಂಕ್ ತುಂಬಿ ಚೆಲ್ಲುವುದಕ್ಕೆ ಅದು ಬೇಕಿಲ್ಲ. ಟ್ಯಾಂಕ್ ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವ್ ಕೆಟ್ಟು ನೀರು ಹರಿಯುತ್ತಿದ್ದರೆ ಕೆಳಗಿನಿಂದಲೇ ಮೋಟಾರ್ ಆರಿಸಿ, ಸಂಜೆ ಕರೆಯಿರಿ. 45 ಡಿಗ್ರಿ ದಾಟಿದ ಹೊತ್ತಿನಲ್ಲಿ ಕಾದ ತಾರಸಿಗೆ ಒಬ್ಬ ಹುಡುಗನನ್ನು ಹತ್ತಿಸಿ ಉಳಿಸುವ ನೀರು ನಮಗೆ ಬೇಡ.

ಅದೇ ತಾರಸಿಯ ಮಳೆನೀರಿನ ಕಿಂಡಿಗಳನ್ನು ಚಳಿಗಾಲಕ್ಕೆ ಮೊದಲು ಒಮ್ಮೆ ನೋಡಿಸಿ. ಕರಾವಳಿಯಲ್ಲಿ ಮೇ ತಿಂಗಳಲ್ಲಿ ಮಾಡಿನ ನೀರಿನ ದೋಣಿ, ಚರಂಡಿ ಶುಚಿ ಮಾಡದೆ ಮಳೆಗಾಲಕ್ಕೆ ಕಾಲಿಡದ ನಾವೇ ಇಲ್ಲಿ ಮಳೆಯನ್ನು ಮರೆತುಬಿಡುತ್ತೇವೆ. 2024ರ ಏಪ್ರಿಲ್ 16ರಂದು ಅಲ್ ಐನ್‌ನ ಖತಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254.8 ಮಿಲಿಮೀಟರ್ ಮಳೆ ಬಿತ್ತು. 1949ರಲ್ಲಿ ದಾಖಲೆ ಶುರುವಾದ ಮೇಲೆ ದೇಶ ಕಂಡ ಅತಿ ದೊಡ್ಡ ಮಳೆ. ಮರಳು ಮತ್ತು ಪಾರಿವಾಳದ ಗರಿ ಕಟ್ಟಿಕೊಂಡ ಕಿಂಡಿಗಳಿದ್ದ ತಾರಸಿಗಳಲ್ಲಿ ನೀರು ಕೆರೆಯಂತೆ ನಿಂತು ಮೆಟ್ಟಿಲಿನ ಬಾಗಿಲಿನಿಂದ ಒಳಗಿಳಿಯಿತು.

ಊರಿನಿಂದ ಹಿಂದಿರುಗಿದ ರಾತ್ರಿ ಎಲ್ಲರಿಗೂ ಮೊದಲು ಬೇಕಾಗುವುದು ಸ್ನಾನ. ಸ್ವಲ್ಪ ತಡೆಯಿರಿ. ಒಂದು ನಲ್ಲಿಯನ್ನು ತೆರೆದಿಟ್ಟು, ಮುಖ್ಯ ವಾಲ್ವನ್ನು ಸ್ವಲ್ಪ ಮಾತ್ರ ತೆರೆಯಿರಿ. ಪೈಪಿನೊಳಗಿನ ಗಾಳಿ ಗೊರಗೊರ ಎನ್ನುತ್ತ ಹೊರಬಂದ ಮೇಲೆ ಪೂರ್ತಿ ತೆರೆಯಿರಿ. ಒಮ್ಮೆಲೇ ತೆರೆದರೆ ನುಗ್ಗುವ ನೀರಿನ ಹೊಡೆತಕ್ಕೆ ಹಳೆಯ ಹೋಸ್ ಆಗಲೇ ಒಡೆಯಬಹುದು. ಬೇಸಿನ್ ಕೆಳಗೆ, ಕಮೋಡಿನ ಪಕ್ಕ, ವಾಷಿಂಗ್ ಮಷೀನಿನ ಹಿಂದೆ ಟಿಶ್ಯೂ ಕಾಗದ ಒತ್ತಿ ತೇವವಿದೆಯೇ ನೋಡಿ. ನಲ್ಲಿಯಲ್ಲಿ ನೀರು ಸರಾಗವಾಗಿ ಬರತೊಡಗಿದ ಮೇಲೆ ಗೀಸರ್ ಹಾಕಿ, 60 ಡಿಗ್ರಿ ದಾಟಿಸಿ. ಶವರ್ ತಲೆಯನ್ನು ಬಿಚ್ಚಿಟ್ಟು, ಹನಿ ಸಿಡಿಯದಂತೆ ಆ ಬಿಸಿನೀರನ್ನು ಕೆಲವು ನಿಮಿಷ ಹರಿಯಲು ಬಿಡಿ, ಅಷ್ಟು ಹೊತ್ತು ಎಕ್ಸಾಸ್ಟ್ ಫ್ಯಾನ್ ಹಾಕಿ ಬಚ್ಚಲಿನ ಹೊರಗಿರಿ. ಅದಾದ ಮೇಲೆ ಸ್ನಾನ ಮಾಡಬಹುದು.