ಬ್ಯಾಕಪ್ ಇದೆ ಸರಿ, ಅದು ಯಾವುದರ ಮೇಲೆ ನಿಂತಿದೆ?

ಕಂಪನಿಗಳ ಕಂಟಿನ್ಯುಟಿ ಪ್ಲಾನ್ (ಏನಾದ್ರೂ ಅನಾಹುತ ಆದ್ರೂ ಕೆಲಸ ಹೆಂಗೆ ನಡೆಸೋದು ಅನ್ನೋ ಯೋಜನೆ) ರಿವ್ಯೂ ಮಾಡುವಾಗ ನಾನು ಮೊದ್ಲು ಕೇಳೋದು, ಆ ಪ್ಲಾನ್ ಫೈಲ್ ಎಲ್ಲಿಟ್ಟಿದೀರಾ ಅಂತ. ಸುಮಾರು ಜನ ಶೇರ್ಡ್ ಡ್ರೈವ್‌ನಲ್ಲಿದೆ ಅಂತಾರೆ. ನೆಟ್‌ವರ್ಕ್ ಬಿದ್ದ ದಿನ ಆ ಡ್ರೈವೂ ಸಿಗಲ್ಲ, ಯಾರಿಗೆ ಫೋನ್ ಮಾಡ್ಬೇಕು ಅನ್ನೋ ಲಿಸ್ಟೂ ಅದ್ರೊಳಗೇ ಇರತ್ತೆ, ಕೀ ಒಳಗಿಟ್ಟು ಬಾಗಿಲು ಎಳ್ಕೊಂಡಂಗೆ.

ದೊಡ್ಡವ್ರಿಗೂ ಇದು ತಪ್ಪಿದ್ದಲ್ಲ. 2021ರ ಅಕ್ಟೋಬರ್ 4ಕ್ಕೆ ಫೇಸ್‌ಬುಕ್ ಸುಮಾರು 6 ಗಂಟೆ ಬಿದ್ದಿತ್ತಲ್ಲ, ಮೇಂಟೆನೆನ್ಸ್ ಟೈಮಲ್ಲಿ ಕೊಟ್ಟ ಒಂದು ಕಮಾಂಡ್‌ನಿಂದ ಅವ್ರ ನೆಟ್‌ವರ್ಕೇ ಕಟ್ ಆಯ್ತು, ಅದನ್ನ ರಿಪೇರಿ ಮಾಡೋ ಟೂಲ್‌ಗಳೂ ಅದೇ ನೆಟ್‌ವರ್ಕ್ ಮೇಲೆ ಇದ್ವು, ಕೊನೆಗೆ ಎಂಜಿನಿಯರ್‌ಗಳು ಡೇಟಾ ಸೆಂಟರ್‌ಗೇ ಹೋಗ್ಬೇಕಾಯ್ತು. ಅದೇ ವರ್ಷ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಅನ್ನೋ ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು, ಬ್ಯಾಕಪ್ಪನ್ನೂ ಅಲ್ಲೇ ಇಟ್ಕೊಂಡಿದ್ದ ಕೆಲವು ಗ್ರಾಹಕರು ಎರಡನ್ನೂ ಕಳ್ಕೊಂಡ್ರು.

ನಂಗೆ ಯಾವಾಗ್ಲೂ ನೆನಪಾಗೋದು ಮೇರ್ಸ್ಕ್ ಹಡಗು ಕಂಪನಿ ಕತೆ. 2017ರ ಜೂನ್‌ನಲ್ಲಿ ನಾಟ್‌ಪೆಟ್ಯಾ ಮಾಲ್‌ವೇರ್ ನುಗ್ಗಿದಾಗ ಅವ್ರ ಡೊಮೈನ್ ಕಂಟ್ರೋಲರ್‌ಗಳು (ಯಾರು ಲಾಗಿನ್ ಆಗ್ಬಹುದು ಅಂತ ನೋಡ್ಕೊಳ್ಳೋ ಸರ್ವರ್‌ಗಳು) ಒಂದಕ್ಕೊಂದು ಸಿಂಕ್ ಆಗ್ತಾ ಇದ್ವು, ಒಂದು ಹೋದ್ರೂ ಇನ್ನೊಂದಿದೆ ಅನ್ನೋ ಧೈರ್ಯ, ಆದ್ರೆ ಎಲ್ಲಾ ಒಟ್ಟಿಗೇ ಹೋದ್ವು. ಘಾನಾದಲ್ಲಿದ್ದ ಒಂದು ಮಾತ್ರ ಉಳೀತು, ಯಾಕಂದ್ರೆ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ಅದೃಷ್ಟ, ಅಷ್ಟೇ. ಅದನ್ನ ಬೇಕಂತಲೇ ಮಾಡಿಟ್ಕೊಂಡ್ರೆ ಆಫ್‌ಲೈನ್ ಕಾಪಿ ಅಂತೀವಿ.

ಆರ್‌ಟಿಒ (ರಿಕವರಿ ಟೈಮ್ ಆಬ್ಜೆಕ್ಟಿವ್), ಆರ್‌ಪಿಒ (ರಿಕವರಿ ಪಾಯಿಂಟ್ ಆಬ್ಜೆಕ್ಟಿವ್) ಅಂತ ಎರಡು ಲೆಕ್ಕ ಇದಾವೆ. ಈ ಕೆಲಸ ಎಷ್ಟು ಹೊತ್ತು ನಿಂತ್ರೆ ತಡ್ಕೋಬಹುದು, ಎಷ್ಟು ಹೊತ್ತಿನ ಡೇಟಾ ಹೋದ್ರೆ ಪರವಾಗಿಲ್ಲ ಅಂತ. ಇದನ್ನ ಐಟಿಯವ್ರ ತಲೆಗೆ ಕಟ್ಟೋದು ನಂಗೆ ಸರಿ ಕಾಣಲ್ಲ, ಆ ಕೆಲಸ ನಡೆಸೋರೇ ಹೇಳ್ಬೇಕು, ಸಂಬಳದ ಸಿಸ್ಟಮ್ ತಿಂಗಳ ಮಧ್ಯೆ 2 ದಿನ ನಿಂತ್ರೆ ಯಾರಿಗೂ ಗೊತ್ತಾಗಲ್ಲ, ಸಂಬಳದ ಹಿಂದಿನ ದಿನ 2 ಗಂಟೆ ನಿಂತ್ರೆ ಗಲಾಟೆ, ಇದೆಲ್ಲ ಸರ್ವರ್ ನೋಡ್ಕೊಳ್ಳೋರಿಗೆ ಹೆಂಗೆ ಗೊತ್ತಾಗ್ಬೇಕು.

ಸಪ್ಲೈಯರ್ ವಿಷ್ಯದಲ್ಲೂ ಇದೇ ಕತೆ. ಇಬ್ಬರಿದಾರೆ ಅಂತ ನಿಶ್ಚಿಂತೆ ಆಗಿರ್ತಾರೆ, ಅವರಿಬ್ಬರೂ ಒಂದೇ ಫ್ಯಾಕ್ಟರಿಯಿಂದ ಮಾಲು ತರಿಸ್ತಿರ್ತಾರೆ. ಎರಡು ಇಂಟರ್‌ನೆಟ್ ಲೈನ್ ತಗೊಂಡಿರ್ತಾರೆ, ಎರಡೂ ಕೇಬಲ್ ಒಂದೇ ಗುಂಡಿಯಲ್ಲಿ ಬಂದಿರತ್ತೆ. ಕಾಂಟ್ರ್ಯಾಕ್ಟಲ್ಲಿ ಇದು ಬರೆದಿರಲ್ಲ, ಕೂತು ಕೇಳ್ಬೇಕು.

ಇನ್ನು ರಿಸ್ಟೋರ್ ಮಾಡಿ ನೋಡದೇ ಇರೋ ಬ್ಯಾಕಪ್ಪನ್ನ ನಾನು ಲೆಕ್ಕಕ್ಕೇ ತಗೊಳ್ಳಲ್ಲ. ಟೆಸ್ಟ್ ಮಾಡೋ ದಿನ ಅದನ್ನ ಸೆಟಪ್ ಮಾಡಿದ ಮನುಷ್ಯನ್ನ ರಜೆ ಮೇಲೆ ಕಳ್ಸಿ, ಬೇರೆಯವ್ರ ಕೈಲಿ ಮಾಡ್ಸಿ, ಪಾಸ್‌ವರ್ಡ್ ಯಾರತ್ರ ಇದೆ ಅನ್ನೋದು ಆಗ್ಲೇ ಹೊರಗೆ ಬರತ್ತೆ.