ಹಬ್‌ನಲ್ಲಿ ಲೈಟು ಉರಿಯುತ್ತಿದೆ, ಕಂಪ್ಯೂಟರ್‌ಗೆ ಮಾತ್ರ ಕಾಣುತ್ತಿಲ್ಲ

ಕಂಪ್ಯೂಟರ್‌ನ ಒಂದು ಯುಎಸ್‌ಬಿ ಪೋರ್ಟನ್ನು ಹಲವು ಪೋರ್ಟುಗಳಾಗಿ ಹಂಚುವ ಡಬ್ಬಿಯೇ ಯುಎಸ್‌ಬಿ ಹಬ್. ಅದರಲ್ಲಿ ಲೈಟು ಉರಿಯುತ್ತಿದೆ ಎಂದ ಮಾತ್ರಕ್ಕೆ ಹಬ್ ಸರಿಯಿದೆ ಎಂದಲ್ಲ. ರಿಪೇರಿಗೆ ಬರುವವರಲ್ಲಿ ಎಷ್ಟೋ ಜನ ಮೊದಲು ಹೇಳುವುದು ಇದನ್ನೇ. "ಲೈಟು ಬರ್ತಿದೆ, ಅಂದ್ಮೇಲೆ ಕಂಪ್ಯೂಟರ್‌ದೇ ತೊಂದರೆ ಅಲ್ವಾ?" ಅಂತ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ ಒಳಗೆ ನಾಲ್ಕು ತಂತಿಗಳಿರುತ್ತವೆ. ಎರಡು 5 ವೋಲ್ಟ್ ಕರೆಂಟಿಗೆ, ಇನ್ನೆರಡು ಡೇಟಾಗೆ. ಲೈಟು ಉರಿಯಲು ಕರೆಂಟಿನ ಎರಡು ತಂತಿ ಸಾಕು. ಡೇಟಾ ತಂತಿ ಒಳಗೇ ತುಂಡಾಗಿದ್ದರೂ ಲೈಟು ಹಾಯಾಗಿ ಉರಿಯುತ್ತಿರುತ್ತದೆ.

"ಹಬ್ ಡಿಟೆಕ್ಟ್ ಆಗ್ತಿಲ್ಲ" ಎಂಬ ಒಂದೇ ದೂರಿನ ಹಿಂದೆ ಎರಡು ಬೇರೆ ಬೇರೆ ತೊಂದರೆಗಳಿರಬಹುದು. ಒಂದು, ಹಬ್ಬೇ ಕಂಪ್ಯೂಟರ್‌ಗೆ ಕಾಣುತ್ತಿಲ್ಲ. ಇನ್ನೊಂದು, ಹಬ್ ಕಾಣುತ್ತಿದೆ, ಅದಕ್ಕೆ ಸಿಕ್ಕಿಸಿದ ಹಾರ್ಡ್‌ಡಿಸ್ಕೋ ಪ್ರಿಂಟರೋ ಕಾಣುತ್ತಿಲ್ಲ. ಎರಡಕ್ಕೂ ಮದ್ದು ಬೇರೆ. ಯಾವುದು ಎಂದು ಗೊತ್ತಾಗುವ ಮೊದಲೇ ಡ್ರೈವರ್ ತೆಗೆಯುವುದು, ವಿಂಡೋಸ್ ಹೊಸದಾಗಿ ಹಾಕುವುದು ಎಲ್ಲ ಸುಮ್ನೆ ದಂಡ.

ಪತ್ತೆ ಮಾಡುವುದು ಸುಲಭ. ಹಬ್‌ಗೆ ಸಿಕ್ಕಿಸಿದ್ದನ್ನೆಲ್ಲ ತೆಗೆದು ಬರೀ ಹಬ್ ಇಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ಕೆಳಗಿರುವ "ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್" ಪಟ್ಟಿಯನ್ನು ಬಿಡಿಸಿ. ಈಗ ಪಟ್ಟಿಯ ಮೇಲೆ ಕಣ್ಣಿಟ್ಟು ಹಬ್ ಸಿಕ್ಕಿಸಿ. ಪಟ್ಟಿ ಒಮ್ಮೆ ಮಿನುಗಿ "ಜೆನೆರಿಕ್ ಯುಎಸ್‌ಬಿ ಹಬ್" ಎಂಬ ಹೊಸ ಸಾಲು ಬಂದರೆ ಕಂಪ್ಯೂಟರ್ ಹಬ್ಬನ್ನು ಗುರುತಿಸಿದೆ. ಮ್ಯಾಕ್‌ನಲ್ಲಾದರೆ "ಸಿಸ್ಟಮ್ ಇನ್ಫರ್ಮೇಶನ್" ಒಳಗೆ ಯುಎಸ್‌ಬಿ ವಿಭಾಗ ನೋಡಿ. ಲಿನಕ್ಸ್‌ನವರಿಗೆ ಎಲ್‌ಎಸ್‌ಯುಎಸ್‌ಬಿ ಆದೇಶ ಗೊತ್ತೇ ಇರುತ್ತದೆ.

ಯುಎಸ್‌ಬಿ 3.0, ಅಂದರೆ 2.0ಗಿಂತ ವೇಗದ ಬಗೆಯ ಹಬ್ ಆಗಿದ್ದರೆ ಎರಡು ಸಾಲು ಬರುತ್ತವೆ. ಒಂದು ಮಾಮೂಲಿ ಹಬ್, ಇನ್ನೊಂದು "ಸೂಪರ್‌ಸ್ಪೀಡ್" ಹಬ್. ಗಾಬರಿ ಬೇಡ. 3.0 ಹಬ್ ಎಂದರೆ ಒಂದೇ ಡಬ್ಬಿಯೊಳಗೆ ಎರಡು ಹಬ್. ಹಳೆಯ 2.0 ತಂತಿಗಳಿಗೆ ಒಂದು, ವೇಗದ ತಂತಿಗಳಿಗೆ ಇನ್ನೊಂದು. ಈ ಎರಡು ಸಾಲಿನಿಂದ ಒಂದು ಲಾಭವೂ ಇದೆ. ಮಾಮೂಲಿ ಸಾಲು ಮಾತ್ರ ಬಂದರೆ ವೇಗದ ಪಿನ್ನುಗಳು ತಾಗಿಲ್ಲ, ಅಥವಾ ನೀವು ಸಿಕ್ಕಿಸಿದ್ದು 2.0 ಪೋರ್ಟಿಗೋ 2.0 ಕೇಬಲ್‌ನಲ್ಲೋ ಎಂದರ್ಥ. ಪ್ಲಗ್ ಅರ್ಧ ಕೂತಿದ್ದರೂ ಹೀಗಾಗುತ್ತದೆ. ತೆಗೆದು, ಒಂದೇ ಸಲ ಗಟ್ಟಿಯಾಗಿ ಒತ್ತಿ ಕೂರಿಸಿ. ನಿಧಾನವಾಗಿ ತೂರಿಸಿದರೆ 2.0 ಪಿನ್ನು ಮೊದಲು ತಾಗಿ, ಕಂಪ್ಯೂಟರ್ ಅಷ್ಟಕ್ಕೇ ಸುಮ್ಮನಾಗಿಬಿಡುವುದುಂಟು.

ಹೊಸ ಸಾಲು ಬರುವ ಬದಲು ಹಳದಿ ಗುರುತಿನೊಂದಿಗೆ "ಅನ್‌ನೋನ್ ಯುಎಸ್‌ಬಿ ಡಿವೈಸ್, ಡಿವೈಸ್ ಡಿಸ್ಕ್ರಿಪ್ಟರ್ ರಿಕ್ವೆಸ್ಟ್ ಫೇಲ್ಡ್" ಎಂದು ಬಂದರೆ? ಆ ಸಾಲನ್ನು ತೆರೆದು ನೋಡಿದರೆ ಕೋಡ್ 43 ಎಂಬ ದೋಷದ ಸಂಖ್ಯೆ ಇರುತ್ತದೆ. ಜನ ಇದನ್ನು ಕಂಡು ಹೆದರುತ್ತಾರೆ. ನನಗಂತೂ ಇದು ಒಳ್ಳೆಯ ಸುಳಿವು. ಹಬ್ ತನ್ನೊಳಗಿನ 1.5 ಕಿಲೋ ಓಮ್ ರೆಸಿಸ್ಟರ್‌ನಿಂದ ಒಂದು ಡೇಟಾ ತಂತಿಯ ವೋಲ್ಟೇಜ್ ಏರಿಸುತ್ತದೆ. ಯಾರೋ ಬಂದರು ಎಂದು ಕಂಪ್ಯೂಟರ್‌ಗೆ ತಿಳಿಯುವುದು ಹಾಗೆ. ಆಮೇಲೆ ಅದು ಹಬ್ಬನ್ನು ಒಮ್ಮೆ ರೀಸೆಟ್ ಮಾಡಿ, ನೀನು ಯಾರು ಎಂದು ಕೇಳುತ್ತದೆ. ಕೋಡ್ 43 ಬಂದಿದೆ ಎಂದರೆ ಬಾಗಿಲು ತಟ್ಟಿದ್ದು ಕೇಳಿಸಿದೆ, ಹೆಸರು ಕೇಳಿದಾಗ ಉತ್ತರ ಸರಿಯಾಗಿ ಬಂದಿಲ್ಲ. ಕಾರಣ ಸಾಮಾನ್ಯವಾಗಿ ಕೆಟ್ಟ ಕೇಬಲ್, ಸಾಲದ ಕರೆಂಟು, ಇಲ್ಲವೇ ಹಬ್‌ನ ಚಿಪ್ ಎಲ್ಲೋ ಸಿಕ್ಕಿಹಾಕಿಕೊಂಡು ನಿಂತಿರುವುದು.

ಚಿಪ್ ಸಿಕ್ಕಿಹಾಕಿಕೊಂಡಿದ್ದರೆ ಕರೆಂಟು ಪೂರ್ತಿ ತೆಗೆಯಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಅಡಾಪ್ಟರ್ ಇರುವ ಹಬ್ಬನ್ನು ಕಂಪ್ಯೂಟರ್‌ನಿಂದ ಕಿತ್ತು ಮತ್ತೆ ಸಿಕ್ಕಿಸಿದರೆ ಚಿಪ್‌ಗೆ ಏನೂ ಆಗಿರುವುದಿಲ್ಲ. ಅಡಾಪ್ಟರ್‌ನಿಂದ ಅದಕ್ಕೆ ಕರೆಂಟು ಹೋಗುತ್ತಲೇ ಇರುತ್ತದೆ. ಎರಡೂ ಕಡೆ ಕಿತ್ತು ಒಂದು ನಿಮಿಷ ಬಿಡಿ. ಕಂಪ್ಯೂಟರ್ ಕಡೆಯೂ ಇದೇ ಕತೆ. ವಿಂಡೋಸ್‌ನಲ್ಲಿ "ಫಾಸ್ಟ್ ಸ್ಟಾರ್ಟಪ್" ಇದ್ದರೆ ಶಟ್‌ಡೌನ್ ಮಾಡಿ ಆನ್ ಮಾಡುವುದು ಪೂರ್ತಿ ಹೊಸ ಆರಂಭವಲ್ಲ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಲೋಡ್ ಆಗುತ್ತದೆ. ಜೊತೆಗೆ, ಆಫ್ ಆಗಿರುವ ಎಷ್ಟೋ ಡೆಸ್ಕ್‌ಟಾಪ್‌ಗಳ ಯುಎಸ್‌ಬಿ ಪೋರ್ಟ್‌ನಲ್ಲಿ 5 ವೋಲ್ಟ್ ಹಾಗೇ ಇರುತ್ತದೆ. ಗೋಡೆಯ ಸ್ವಿಚ್ ಆಫ್ ಮಾಡಿದರೇ ಅದು ಹೋಗುವುದು.

ಪಟ್ಟಿಯಲ್ಲಿ ಏನೂ ಅಲುಗಾಡಲಿಲ್ಲ ಎಂದಿಟ್ಟುಕೊಳ್ಳಿ. ಹೊಸ ಸಾಲೂ ಇಲ್ಲ, ಹಳದಿ ಗುರುತೂ ಇಲ್ಲ. ಆಗ ಸಾಫ್ಟ್‌ವೇರ್ ಕಡೆ ಹೋಗುವ ಮೊದಲು ಕೇಬಲ್ ನೋಡಿ. ಬಿಡಿ ಕೇಬಲ್ ಇರುವ ಹಬ್‌ಗಳಲ್ಲಿ ನನ್ನ ಮೊದಲ ಅನುಮಾನ ಯಾವಾಗಲೂ ಕೇಬಲ್ ಮೇಲೆಯೇ. ಫೋನ್ ಚಾರ್ಜ್ ಮಾಡಲೆಂದೇ ಮಾಡಿದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದೇ ಕೇಬಲ್‌ನಲ್ಲಿ ಫೋನ್ ಜೋಡಿಸಿ ಫೋಟೋ ಕಾಪಿ ಆಗುತ್ತದಾ ನೋಡಿ, ಅಷ್ಟು ಸಾಕು. ಉದ್ದವೂ ಮುಖ್ಯ. 2.0 ಕೇಬಲ್‌ಗೆ 5 ಮೀಟರ್ ಮಿತಿ. 3.0ಕ್ಕೆ ಸುಮಾರು 3 ಮೀಟರ್ ದಾಟಿದರೆ ಭರವಸೆ ಇಲ್ಲ. ಎಕ್ಸ್‌ಟೆನ್ಶನ್ ಕೇಬಲ್ ಹಾಕಿದ್ದರೆ ಅದನ್ನು ಮೊದಲು ತೆಗೆಯಿರಿ. ಡೆಸ್ಕ್‌ಟಾಪ್ ಆದರೆ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡ್‌ನಲ್ಲೇ ಇರುವ ಪೋರ್ಟಿಗೆ ಹಾಕಿ. ಮುಂದಿನ ಪೋರ್ಟ್‌ಗಳು ಕ್ಯಾಬಿನೆಟ್ ಒಳಗಿನ ಒಂದು ಸಪೂರ ಕೇಬಲ್ ಮೂಲಕ ಹೋಗುತ್ತವೆ. ಅದು ಸಡಿಲವಾಗಿರುವುದು ಅಪರೂಪವಲ್ಲ.

ಇನ್ನು ಎರಡನೆಯ ಬಗೆ. ಖಾಲಿ ಹಬ್ ಸರಿಯಾಗಿ ಕಾಣುತ್ತದೆ, ಹಾರ್ಡ್‌ಡಿಸ್ಕ್ ಸಿಕ್ಕಿಸಿದ ಕೂಡಲೇ ಎಲ್ಲ ಮಾಯ. ಇದು ಹೆಚ್ಚಾಗಿ ಕರೆಂಟಿನ ಲೆಕ್ಕ. 2.0 ಪೋರ್ಟ್ 500 ಮಿಲಿಆಂಪ್ ಕೊಡುತ್ತದೆ. ಅಡಾಪ್ಟರ್ ಇಲ್ಲದ ನಾಲ್ಕು ಪೋರ್ಟಿನ ಹಬ್ ಅದರಲ್ಲಿ 100 ತನಗೆ ಇಟ್ಟುಕೊಂಡು, ಉಳಿದ ನಾಲ್ಕಕ್ಕೆ ತಲಾ 100 ಹಂಚಬೇಕು. 3.0 ಪೋರ್ಟ್ 900 ಮಿಲಿಆಂಪ್ ಕೊಡುತ್ತದೆ, ಅಲ್ಲಿ ಪಾಲು 150. ಮೌಸ್, ಕೀಬೋರ್ಡ್, ಪೆನ್‌ಡ್ರೈವ್ ಹೇಗೋ ನಡೆಯುತ್ತವೆ. ತಿರುಗುವ ಪೋರ್ಟಬಲ್ ಹಾರ್ಡ್‌ಡಿಸ್ಕ್‌ಗೆ ಅಷ್ಟು ಸಾಲದು. ತಿರುಗಲು ಶುರುವಾಗುವ ಕ್ಷಣದಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ ಎಳೆಯುತ್ತದೆ. ವೋಲ್ಟೇಜ್ ಕುಸಿಯುತ್ತದೆ, ಹಬ್ ರೀಸೆಟ್ ಆಗುತ್ತದೆ, ಅದರಲ್ಲಿದ್ದ ಮೌಸ್ ಕೂಡ ಸತ್ತು ಬದುಕುತ್ತದೆ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು, ವಿಂಡೋಸ್‌ನ ಟಿಣ್ ಸದ್ದು ಮತ್ತೆ ಮತ್ತೆ ಬರುತ್ತಿದ್ದರೆ ಇದೇ. ಡಿಸ್ಕ್ ನೇರವಾಗಿ ಕಂಪ್ಯೂಟರ್‌ಗೆ ಹಾಕಿದಾಗ ಓಡಿದರೆ ಅಡಾಪ್ಟರ್ ಇರುವ ಹಬ್ ಬೇಕು, ಅಷ್ಟೇ. ಬರೆಯುತ್ತಿರುವಾಗ ಹೀಗೆ ಕರೆಂಟು ತಪ್ಪಿದರೆ ಫೈಲುಗಳು ಕೆಡುತ್ತವೆ. "ನಾಲ್ಕು ಸಲ ಹಾಕಿದರೆ ಒಂದು ಸಲ ಬರುತ್ತೆ" ಎಂದು ದಿನ ದೂಡಬೇಡಿ.

ಅಡಾಪ್ಟರ್ ವಿಷಯದಲ್ಲಿ ಎರಡು ಎಚ್ಚರಿಕೆ. ಕೆಲವು ಹಬ್‌ಗಳು 5 ವೋಲ್ಟಿನವು, ಕೆಲವು 12 ವೋಲ್ಟಿನವು. ಎರಡರ ಪಿನ್ನೂ ಒಂದೇ ತರ ಇರಬಹುದು. ಡ್ರಾಯರ್‌ನಲ್ಲಿ ಸಿಕ್ಕ ಯಾವುದೋ ಅಡಾಪ್ಟರ್ "ಕೂತಿತು" ಎಂದು ಹಾಕಿದರೆ ಹಬ್ ಸುಟ್ಟುಹೋಗಬಹುದು, ಜೊತೆಗೆ ಅದರಲ್ಲಿರುವ ಡಿಸ್ಕೂ ಹೋಗಬಹುದು. ಹಬ್ ಮೇಲಿನ ಚೀಟಿ ಓದಿ. ಎರಡನೆಯದು, ಅಗ್ಗದ ಕೆಲವು ಹಬ್‌ಗಳು ಅಡಾಪ್ಟರ್‌ನ ಕರೆಂಟನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೇ ವಾಪಸ್ ತಳ್ಳುತ್ತವೆ. ಕಂಪ್ಯೂಟರ್‌ನ ಗೋಡೆಯ ಸ್ವಿಚ್ ಆಫ್ ಮಾಡಿದ ಮೇಲೂ ಅದರ ಫ್ಯಾನ್ ಅಲುಗುವುದು, ಲೈಟು ಮಂದವಾಗಿ ಉರಿಯುವುದು, ಹಬ್ ಇದ್ದಾಗ ಮಾತ್ರ ಬೂಟ್ ಆಗದಿರುವುದು, ಇವೆಲ್ಲ ಅದರ ಲಕ್ಷಣ. ಅಂಥ ಹಬ್ಬನ್ನು ರಿಪೇರಿ ಮಾಡಲು ಹೋಗಬೇಡಿ. ಬಿಟ್ಟುಬಿಡಿ.

ಸಾಫ್ಟ್‌ವೇರ್ ಬಗ್ಗೆ ಕೊನೆಗೆ ಹೇಳುತ್ತಿರುವುದು ಬೇಕೆಂದೇ. ಮಾಮೂಲಿ ಹಬ್‌ಗೆ ಪ್ರತ್ಯೇಕ ಡ್ರೈವರ್ ಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಅದು ಒಳಗೇ ಇದೆ. "ಯುಎಸ್‌ಬಿ ಹಬ್ ಡ್ರೈವರ್ ಡೌನ್‌ಲೋಡ್" ಎಂದು ಕರೆಯುವ ಕಡೆಗೆ ಹೋಗಲೇಬೇಡಿ. ಮಾನಿಟರ್, ನೆಟ್‌ವರ್ಕ್ ಎಲ್ಲ ಜೋಡಿಸುವ ದೊಡ್ಡ ಡಾಕ್‌ಗಳ ಮಾತು ಬೇರೆ. ಕೆಲವಕ್ಕೆ ತಯಾರಕರ ಡ್ರೈವರ್ ಬೇಕಾಗುತ್ತದೆ. ವಿಂಡೋಸ್‌ನಲ್ಲಿ ಮಾಡಿ ನೋಡಬಹುದಾದ್ದು ಇಷ್ಟು: ಹಳದಿ ಗುರುತಿನ ಸಾಲನ್ನು ಅನ್‌ಇನ್‌ಸ್ಟಾಲ್ ಮಾಡಿ, "ಸ್ಕ್ಯಾನ್ ಫಾರ್ ಹಾರ್ಡ್‌ವೇರ್ ಚೇಂಜಸ್" ಒತ್ತಿ. ಉತ್ಸಾಹದಲ್ಲಿ "ರೂಟ್ ಹಬ್" (ಕಂಪ್ಯೂಟರ್ ಒಳಗೇ ಇರುವ ಮೂಲ ಹಬ್) ಎಂಬ ಸಾಲನ್ನು ತೆಗೆದರೆ ಯುಎಸ್‌ಬಿ ಮೌಸ್, ಕೀಬೋರ್ಡ್ ಎರಡೂ ನಿಂತುಹೋಗಬಹುದು. ಹಾಗಾದರೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಮತ್ತೆ ಆನ್ ಮಾಡಿ, ತಾನಾಗಿ ಬರುತ್ತವೆ.

ಹಬ್ ಮೊದಲು ಕೆಲಸ ಮಾಡಿ ಸ್ವಲ್ಪ ಹೊತ್ತಿನ ನಂತರ ಮಾಯವಾಗುತ್ತಿದ್ದರೆ ವಿದ್ಯುತ್ ಉಳಿಸುವ ಸೆಟ್ಟಿಂಗ್ ಮೇಲೆ ಅನುಮಾನ ಪಡಿ. ರೂಟ್ ಹಬ್‌ನ ಪ್ರಾಪರ್ಟೀಸ್‌ನಲ್ಲಿ "ಪವರ್ ಮ್ಯಾನೇಜ್‌ಮೆಂಟ್" ಟ್ಯಾಬ್ ಇದ್ದರೆ, ಡಿವೈಸ್ ಆಫ್ ಮಾಡಲು ಕಂಪ್ಯೂಟರ್‌ಗೆ ಅನುಮತಿ ಕೊಡುವ ಟಿಕ್ ತೆಗೆಯಿರಿ. ಪವರ್ ಆಪ್ಷನ್ಸ್‌ನಲ್ಲಿ "ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್" ಎಂಬುದನ್ನೂ ನಿಲ್ಲಿಸಿ ನೋಡಿ. ಆಪಲ್ ಚಿಪ್ ಇರುವ ಮ್ಯಾಕ್ ಲ್ಯಾಪ್‌ಟಾಪ್‌ಗಳಲ್ಲಿ 2022ರ ವೆಂಚುರಾ ಎಂಬ ಮ್ಯಾಕ್ ಆವೃತ್ತಿಯಿಂದ ಈಚೆಗೆ ಹೊಸ ಹಬ್ ಸಿಕ್ಕಿಸಿದಾಗ ಅನುಮತಿ ಕೇಳುತ್ತದೆ. ಅವಸರದಲ್ಲಿ ಬೇಡ ಎಂದು ಒತ್ತಿದ್ದರೆ ಹಬ್‌ಗೆ ಕರೆಂಟು ಸಿಗುತ್ತದೆ, ಡೇಟಾ ಓಡುವುದಿಲ್ಲ. ಕಿತ್ತು ಮತ್ತೆ ಸಿಕ್ಕಿಸಿ, ಕೇಳಿದಾಗ ಹೂಂ ಎನ್ನಿ.

ಹಬ್‌ಗೆ ಹಬ್, ಅದಕ್ಕೆ ಇನ್ನೊಂದು ಹಬ್ ಎಂದು ಪೋಣಿಸಿದ್ದೀರಾ? ಕಂಪ್ಯೂಟರ್‌ಗೂ ಕೊನೆಯ ಸಾಧನಕ್ಕೂ ನಡುವೆ ಐದು ಹಬ್‌ಗಿಂತ ಜಾಸ್ತಿ ಇರುವಂತಿಲ್ಲ. ಐದೆಲ್ಲಿ ಆಗುತ್ತದೆ ಎನ್ನಬೇಡಿ. ಏಳು ಪೋರ್ಟಿನ ಹಬ್ ಒಳಗೆ ಹಲವು ಸಲ ನಾಲ್ಕು ಪೋರ್ಟಿನ ಎರಡು ಚಿಪ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಮಾನಿಟರ್ ಒಳಗೂ ಒಂದು ಹಬ್ ಇರಬಹುದು.

ವೈರ್‌ಲೆಸ್ ಮೌಸ್ ತಡವರಿಸುವುದನ್ನೂ ಕೆಲವರು ಹಬ್ ಕಾಣದ ಖಾತೆಗೆ ಸೇರಿಸುತ್ತಾರೆ. 3.0 ಸಂಪರ್ಕ ಓಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಮೌಸ್‌ನ ರಿಸೀವರ್‌ಅನ್ನು ಹಬ್‌ನಿಂದ ತೆಗೆದು ದೂರದ 2.0 ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಹಬ್ ಕಾಣದಿದ್ದರೆ ಇನ್ನೊಂದು ಕಂಪ್ಯೂಟರ್‌ನಲ್ಲಿ, ಬೇರೆ ಕೇಬಲ್‌ನಲ್ಲಿ, ಖಾಲಿಯಾಗಿಯೇ ಹಾಕಿ ನೋಡಿ. ಅಲ್ಲಿ ಕಂಡರೆ ನಿಮ್ಮ ಕಂಪ್ಯೂಟರ್‌ನ ಪೋರ್ಟ್ ಪರೀಕ್ಷಿಸಬೇಕು. ಅಲ್ಲೂ ಕಾಣದಿದ್ದರೆ ಸಾಕೆಟ್ ಬಳಿ ಮೆಲ್ಲಗೆ ಅಲುಗಾಡಿಸಿ. ಪಟ್ಟಿಯಲ್ಲಿ ಸಾಲು ಬಂದು ಹೋಗಿ ಮಾಡಿದರೆ ಸಾಕೆಟ್‌ನ ಬೆಸುಗೆ ಬಿಟ್ಟಿದೆ, ಬೆಸುಗೆ ಹಾಕಲು ಬರುವವರಿಗೆ ಸಣ್ಣ ಕೆಲಸ. ಕೇಬಲ್ ಹಬ್‌ಗೇ ಅಂಟಿಕೊಂಡಿರುವ ಬಗೆಯಾದರೆ ಹೆಚ್ಚಾಗಿ ಕೇಬಲ್ ಹಬ್ಬಿಗೆ ಸೇರುವ ಕಡೆಯೇ ತಂತಿ ಮುರಿದಿರುತ್ತದೆ. ಡಬ್ಬಿ ಅಂಟು ಹಾಕಿ ಮುಚ್ಚಿದ್ದರೆ ಅದನ್ನು ಬಿಚ್ಚಲು ಕೂರುವುದಕ್ಕಿಂತ ಹೊಸದು ತರುವುದೇ ವಾಸಿ. ತರುವಾಗ ಬಿಡಿ ಕೇಬಲ್ ಇರುವುದನ್ನು, ಅಡಾಪ್ಟರ್ ಸಾಕೆಟ್ ಇರುವುದನ್ನು ಆರಿಸಿ.