ಕಥೆ ಬೇಡ, ಅರ್ಧಕ್ಕೆ ನಿಂತ ಸಂಗತಿ ಸಾಕು

ಟೇಬಲ್‌ಟಾಪ್ ಆರ್‌ಪಿಜಿ (ಟೇಬಲ್ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟ) ನಡೆಸಲು ಶುರು ಮಾಡಿದವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ಪ್ರತಿ ವಾರ ಹೊಸ ಐಡಿಯಾ ಎಲ್ಲಿಂದ ತರೋದು? ಹೆಚ್ಚಿನವರು ಫ್ಯಾಂಟಸಿ ಕಾದಂಬರಿ, ವೆಬ್ ಸೀರೀಸ್‌ಗಳಲ್ಲಿ ಹುಡುಕುತ್ತಾರೆ. ತಪ್ಪೇನಿಲ್ಲ. ಇಂಥ ಆಟಗಳಲ್ಲಿ ಮೊದಲನೆಯದಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಟ್ಟಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಆಟ ನಡೆಸುವವರಿಗೆಂದು ಬರೆದ 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ತಮಗೆ ಸ್ಫೂರ್ತಿ ಕೊಟ್ಟ ಪುಸ್ತಕಗಳ ಪಟ್ಟಿಯನ್ನೇ ಕೊಟ್ಟಿದ್ದರು, ಅದೇ ಅಪೆಂಡಿಕ್ಸ್ ಎನ್. ಆದರೆ ಕಾದಂಬರಿಗೆ ಒಂದು ಕೊನೆ ಇರುತ್ತದೆ. ಅದನ್ನು ತಲೆಯಲ್ಲಿಟ್ಟುಕೊಂಡು ಕೂತ ಜಿಎಂ (ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವನು) ಗೊತ್ತಿದ್ದೋ ಗೊತ್ತಿಲ್ಲದೆಯೋ ಆಟಗಾರರನ್ನು ಆ ಕಡೆಗೇ ಎಳೆಯುತ್ತಾನೆ, ಅವರು ಬೇರೆ ದಾರಿ ಹಿಡಿದರೆ ಕಂಗಾಲಾಗುತ್ತಾನೆ.

ಹಾಗಾಗಿ ನಾನು ಹುಡುಕುವುದು ಅರ್ಧಕ್ಕೆ ನಿಂತ ಸಂಗತಿಗಳನ್ನು. ಇದಕ್ಕೆ ಶಾಸನಗಳಷ್ಟು ಒಳ್ಳೆಯ ಜಾಗ ನನಗೆ ಬೇರೆ ಸಿಕ್ಕಿಲ್ಲ.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನೇ ನೋಡಿ. ಕ್ರಿ.ಶ. 950ರ ಆಸುಪಾಸಿನದು, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರನಿಗೆ ದೊರೆ ‘ಮೆಚ್ಚಿದೆ, ಏನು ಬೇಕೋ ಕೇಳು’ ಅಂದಾಗ ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು! ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿ ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಎರಡೂ ಒಟ್ಟಿಗೇ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಕೊನೆಯಲ್ಲಿ ಎಚ್ಚರಿಕೆ: ಈ ಮಣ್ಣನ್ನು ಹಾಳು ಮಾಡಿದವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ, ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೂ (ಅಲ್ಲಿನ ಶೈವ ಪೂಜಾರಿಗೂ) ಅದೇ ಪಾಪ.

ಶಾಸನ ಅಲ್ಲಿಗೆ ನಿಲ್ಲುತ್ತದೆ. ಜಿಎಂ ಕೆಲಸ ಅಲ್ಲಿಂದ ಶುರು. ಹೆಸರು, ಊರು ಬದಲಾಯಿಸಿ. ಒಂದು ದಿನ ಪೂಜಾರಿ ಪೂಜೆ ಮಾಡದೆ ಉಂಡ. ಯಾಕೆ? ಪೂಜೆಗೆ ಬಿಟ್ಟ ಗದ್ದೆಯನ್ನು ಊರ ಗೌಡ ಹಿಡಿದುಕೊಂಡಿದ್ದಾನೆ, ದೀಪಕ್ಕೆ ಎಣ್ಣೆಯೂ ಇಲ್ಲ. ಗೌಡ ಸುಮ್ನೆ ಹಿಡಿದುಕೊಂಡನಾ? ಇಲ್ಲ, ಬರ ಬಂದಿದೆ, ಆ ಗದ್ದೆಯ ಭತ್ತದಲ್ಲೇ ಊರಿನ ಮಕ್ಕಳು ಊಟ ಮಾಡುತ್ತಿದ್ದಾರೆ. ಈಗ ರಾತ್ರಿಯಾದರೆ ಗುಡ್ಡದ ಮೇಲೆ ನಾಯಿ ಬೊಗಳುತ್ತದೆ. ನನ್ನ ತಯಾರಿ ಇಷ್ಟೇ. ಯಾರದ್ದು ಸರಿ, ಹೇಗೆ ಮುಗಿಯಬೇಕು ಅನ್ನುವುದನ್ನು ಬರೆದುಕೊಳ್ಳುವುದೇ ಇಲ್ಲ. (ಜನ ಇವತ್ತಿಗೂ ನಂಬಿ ನಡೆಯುವ ದೈವಗಳನ್ನು ಮಾತ್ರ ನಾನು ಆಟದ ವೈರಿಯಾಗಿ ತರುವುದಿಲ್ಲ. ಟೇಬಲ್ಲಿನಲ್ಲಿ ಒಬ್ಬರಿಗೆ ನೋವಾದರೂ ಆಟ ಕೆಟ್ಟಿತು.)

ಆಟಗಾರರು ಏನೂ ಮಾಡದಿದ್ದರೆ ಏನಾಗುತ್ತದೆ ಅನ್ನುವುದಂತೂ ಗೊತ್ತಿರಲೇಬೇಕು. ಅದಕ್ಕೆ ಒಂದು ಗಡಿಯಾರ ಬರೆಯುತ್ತೇನೆ. ಕಾಗದದ ಮೇಲೆ ಒಂದು ವೃತ್ತ, ಅದರಲ್ಲಿ ಆರು ಭಾಗ. ಅಪೋಕ್ಯಾಲಿಪ್ಸ್ ವರ್ಲ್ಡ್‌ನಂಥ ಆಟಗಳಲ್ಲಿ ಇದು ನಿಯಮವಾಗಿಯೇ ಇದೆ, ಆದರೆ ಯಾವ ಆಟಕ್ಕೂ ಹೊಂದುತ್ತದೆ. ಆಟಗಾರರು ಸಮಯ ಕಳೆದಂತೆಲ್ಲ ಒಂದೊಂದು ಭಾಗ ತುಂಬಿ. ಎರಡಕ್ಕೆ ಬೊಗಳುವುದು ಊರೊಳಗೆ ಕೇಳುತ್ತದೆ, ನಾಲ್ಕಕ್ಕೆ ಕೊಟ್ಟಿಗೆಯ ದನ ಹಗ್ಗ ಕಿತ್ತುಕೊಂಡು ಓಡುತ್ತವೆ, ಆರಕ್ಕೆ ನಾಯಿ ಗೌಡನ ಬಾಗಿಲಲ್ಲಿ. ವೃತ್ತವನ್ನು ಎಲ್ಲರಿಗೂ ಕಾಣುವಂತೆ ಟೇಬಲ್ ನಡುವೆ ಇಡಿ, ಬಚ್ಚಿಟ್ಟರೆ ಅರ್ಧ ಮಜಾ ಹೋಯಿತು.

ಇನ್ನು ದಾಳ. 1974ರಲ್ಲಿ ಬಂದ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲೇ ಎದುರಾದ ಜೀವಿಯ ಮನಸ್ಸು ಹೇಗಿದೆ ಅಂತ ಎರಡು ಆರುಮುಖದ ದಾಳ ಹಾಕಿ ನೋಡುವ ಪದ್ಧತಿ ಇತ್ತು. ಸಂಖ್ಯೆ ಕಡಿಮೆ ಬಿದ್ದರೆ ಮೈಮೇಲೆ ಬೀಳುತ್ತದೆ, ನಡುವೆ ಬಿದ್ದರೆ ಅನುಮಾನ, ಜಾಸ್ತಿ ಬಿದ್ದರೆ ಸ್ನೇಹ. 36 ಸಾಧ್ಯತೆಗಳಲ್ಲಿ 7 ಆರು ಸಲ ಬರುತ್ತದೆ, 2 ಮತ್ತು 12 ಒಂದೊಂದೇ ಸಲ. ಅಂದರೆ ಎಷ್ಟೋ ಸಲ ಎದುರಾದ ಜೀವಿ ಅನುಮಾನದಲ್ಲಿ ನಿಂತಿರುತ್ತದೆ, ಮಾತಿಗೆ ಜಾಗ ಇರುತ್ತದೆ. ಇದನ್ನು ಈಗ ಎಷ್ಟೋ ಜನ ಬಿಟ್ಟೇಬಿಟ್ಟಿದ್ದಾರೆ, ನನಗೆ ಬೇಜಾರು. ನನ್ನ ಒಂದು ಟೇಬಲ್ಲಿನಲ್ಲಿ ಗುಡ್ಡದ ಮೇಲೆ 11 ಬಿತ್ತು. ಕತ್ತಿ ಹಿರಿದು ನಿಂತವರ ಹತ್ತಿರ ನಾಯಿ ಬಾಲ ಆಡಿಸುತ್ತಾ ಬಂತು, ಅವರು ಅದನ್ನೇ ಕರೆದುಕೊಂಡು ಗದ್ದೆಯ ಪಂಚಾಯ್ತಿಗೆ ಹೊರಟರು. ನಾನಂತೂ ಇದನ್ನು ಯೋಚಿಸಿಯೇ ಇರಲಿಲ್ಲ, ಆ ಕ್ಷಣಕ್ಕೇ ನಾನು ಈ ಕೆಲಸ ಮಾಡುವುದು.

ಸೆಷನ್ ಮುಗಿಸಿ ಏಳುವ ಮುಂಚೆ ಒಂದು ಮಾತು ಕೇಳಿಬಿಡಿ: ‘ಮುಂದಿನ ವಾರ ಎಲ್ಲಿಗೆ ಹೋಗ್ತೀರಿ?’ ಉತ್ತರ ಬರೆದಿಟ್ಟುಕೊಳ್ಳಿ. ಅಷ್ಟಕ್ಕೆ ಮಾತ್ರ ತಯಾರಿ ಮಾಡಿಕೊಂಡರಾಯಿತು.